ಫೋನಕ್ಕ ಬ್ರೌಸರ್ ಬದಲಿಸಿದ ವಾರ

ಫೋನಕ್ಕನ ವಿಷಯ ದರ್ಜಿಯಮ್ಮನ ಕಿವಿಗೆ ಮೊದಲು ಬಿದ್ದದ್ದು ಒಂದು ಮಂಗಳವಾರ ಬೆಳಿಗ್ಗೆ, ಕೆಳಮನೆಯ ಯಜಮಾನಿ ಗಂಡನ ಅಂಗಿಗೆ ಕಾಜಾ ಹಾಕಿಸಲು ಮಹಡಿ ಹತ್ತಿ ಬಂದಾಗ. ದರ್ಜಿಯಮ್ಮನ ಗಂಡ ದರ್ಜಿಯಾಗಿದ್ದ. ಅವನು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಹೊಲಿಗೆ ಯಂತ್ರ ಮಾರಿದ್ದಳು, ಸೂಜಿ ದಾರ ಮಾತ್ರ ಬಿಟ್ಟಿರಲಿಲ್ಲ. ಬೀದಿಯ ಮೂರು ಹೊಲಿಗೆ ಅಂಗಡಿಗಳ ಕಾಜಾ, ಗುಂಡಿ, ಅಂಚು ಎಲ್ಲ ಅವಳ ಕಿಟಕಿಯ ಬಳಿಗೇ ಬರುತ್ತಿದ್ದವು.

"ಒಂದನೇ ತಾರೀಖಿಂದ ನಿಮ್ಮ ಪಕ್ಕದ ಕೋಣೆಗೆ ಜನ ಬರ್ತಾರೆ" ಎಂದಳು ಯಜಮಾನಿ, ಅಂಗಿ ಕೊಡುವುದನ್ನೂ ಮರೆತು. "ಒಬ್ಬಳೇ ಹೆಂಗಸು. ಐವತ್ತರ ಮೇಲೆ ನಾಲ್ಕೈದು ಇರಬಹುದು. ಕಣ್ಣು ಕಾಣಲ್ಲ."

"ಅಯ್ಯೋ ಪಾಪ."

"ಪಾಪ ಗೀಪ ಅವಳೆದುರಿಗೆ ಅಂದುಬಿಟ್ಟೀರ! ಕೋಣೆ ನೋಡೋಕೆ ಬಂದವಳು ಬಾಗಿಲಲ್ಲಿ ನಿಂತು 'ಬಚ್ಚಲ ನಲ್ಲಿ ಸೋರ್ತಿದೆ, ಸರಿ ಮಾಡಿಸಿ' ಅಂದಳು. ಹೋಗಿ ನೋಡಿದ್ರೆ ನಿಜವಾಗ್ಲೂ ಸೋರ್ತಿದೆ. ಇಷ್ಟು ವರ್ಷ ಈ ಮನೇಲಿರೋಳು ನಾನು, ನನಗೇ ಗೊತ್ತಿರಲಿಲ್ಲ."

"ಏನು ಕೆಲಸ ಮಾಡ್ತಾಳೆ?"

"ದೊಡ್ಡಾಸ್ಪತ್ರೆ ಫೋನ್ ಬೋರ್ಡಲ್ಲಿ ಇಪ್ಪತ್ತೆರಡು ವರ್ಷ ಇದ್ದಳಂತೆ. ಈಗ ಮನೇಲೇ ಕೂತು ಕಂಪ್ಯೂಟರಲ್ಲಂತೆ. ಕಣ್ಣಿಲ್ಲದೆ ಕಂಪ್ಯೂಟರ್ ನೋಡಿ! ನನಗೆ ಎರಡು ಕಣ್ಣಿದ್ದೂ ತಂಗಿಗೆ ಒಂದು ಫೋಟೋ ಕಳಿಸೋಕೆ ಬರಲ್ಲ."

ಆ ಹೆಂಗಸು ಬಂದ ಮಾರನೆಯ ದಿನವೇ ದರ್ಜಿಯಮ್ಮನಿಗೆ ಗೋಡೆಯಾಚೆಯಿಂದ ಒಂದು ದನಿ ಕೇಳಿಸತೊಡಗಿತು. ಮಾತೇ ಹೌದು, ಆದರೆ ಒಂದೂ ಕೈಗೆ ಸಿಗುವಂತಿಲ್ಲ. ಕಾಲು ಬಿಡದೆ ತುಳಿದ ಹೊಲಿಗೆ ಯಂತ್ರದ ಹಾಗೆ ಉಸಿರು ತೆಗೆಯದೆ ಓಡುತ್ತಿತ್ತು. ಅರ್ಧ ಗಂಟೆ ತಡೆದುಕೊಂಡಳು. ಆಮೇಲೆ ಹೋಗಿ ಬಾಗಿಲು ತಟ್ಟಿದಳು.

"ಒಳಗೆ ಯಾರೋ ಬೈತಾ ಇದ್ದ ಹಾಗಿತ್ತು. ಏನಾದ್ರೂ ತೊಂದರೇನಾ ಅಂತ ಬಂದೆ."

ಬಾಗಿಲು ತೆರೆದವಳು ಎತ್ತರದ ಹೆಂಗಸು, ಬೆನ್ನು ಬಾಗಿರಲಿಲ್ಲ. ಮುಖ ದರ್ಜಿಯಮ್ಮನ ಹೆಗಲಿನಾಚೆ ಎಲ್ಲೋ ನೋಡುತ್ತಿತ್ತು, ನಗು ಮಾತ್ರ ನೇರ ಅವಳಿಗೇ ಬಂತು. "ಬೈತಿಲ್ಲಮ್ಮ, ಓದ್ತಿದೆ. ಕಂಪ್ಯೂಟರಲ್ಲಿ ಬರೆದಿರೋದನ್ನ ಅದು ನನಗೆ ಓದಿ ಹೇಳುತ್ತೆ."

"ಅಷ್ಟು ಬೇಗ ಓದಿದ್ರೆ ಅರ್ಥ ಆಗುತ್ತಾ?"

"ನಿಧಾನಕ್ಕೆ ಓದಿದ್ರೆ ನಿದ್ದೆ ಬರುತ್ತೆ. ಬನ್ನಿ ಒಳಗೆ. ಕೈಯಲ್ಲಿ ಸೂಜಿ ಇದೆಯಲ್ಲ, ಜೋಪಾನ."

ಸೂಜಿ ಇರುವುದು ಹೇಗೆ ಗೊತ್ತಾಯಿತೆಂದು ಕೇಳಿದರೆ, "ಬಾಗಿಲು ತಟ್ಟುವಾಗ ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕೋ ಟೋಪಿಯ ಸದ್ದು ಬಂತು" ಎಂದಳು. ಆವತ್ತಿನಿಂದ ದರ್ಜಿಯಮ್ಮ ಆ ಕೋಣೆಯಲ್ಲಿ ಅಯ್ಯೋ ಪಾಪ ಅನ್ನುವ ಮಾತು ಎತ್ತಲಿಲ್ಲ.

ಫೋನಕ್ಕ ಎಂಬ ಹೆಸರು ಆಸ್ಪತ್ರೆಯಿಂದಲೇ ಬಂದದ್ದು. ಅವಳಿಗೆ ಒಂಬತ್ತನೆಯ ವಯಸ್ಸಿನವರೆಗೂ ಕಣ್ಣು ಕಾಣುತ್ತಿತ್ತು. ಒಂದು ಜ್ವರ ಬಂದು ಹೋಗುವಾಗ ಕಣ್ಣನ್ನೂ ಕರೆದುಕೊಂಡು ಹೋಯಿತು. ಮದುವೆ ಆಗಲಿಲ್ಲ. "ಹುಡುಗನ್ನ ತೋರಿಸ್ತೀವಿ ಬಾ ಅಂತ ಕರೆದ್ರೆ ನಾನೇನು ನೋಡ್ಲಿ" ಎಂದು ತಾನೇ ನಗುತ್ತಿದ್ದಳು. ಆಸ್ಪತ್ರೆಗೆ ಫೋನು ಮಾಡಿದವರನ್ನೆಲ್ಲ ಬೇಕಾದ ವಾರ್ಡಿಗೆ ಜೋಡಿಸುವ ಕೆಲಸ ಅವಳದು. ಮುನ್ನೂರೈವತ್ತು ನಂಬರು ಬಾಯಿಪಾಠ. ಒಂದು ದಿನ ಆ ಕೆಲಸಕ್ಕೆ ಯಂತ್ರ ಬಂತು, 'ಹೆರಿಗೆ ವಾರ್ಡಿಗೆ ಎರಡನ್ನು ಒತ್ತಿ' ಎನ್ನತೊಡಗಿತು, ಫೋನಕ್ಕ ಹೊರಗೆ ಬಂದಳು. ಹೆಸರು ಅವಳ ಜೊತೆಗೇ ಬಂತು.

ಈಗಿನ ಕೆಲಸ ಬಸ್ ಕಂಪನಿಯದು. ಬಸ್ಸಿನಲ್ಲಿ ಸಾಮಾನು ಬಿಟ್ಟು ಇಳಿದವರು ಕಂಪನಿಯ ಪುಟದಲ್ಲಿ ಬರೆಯುತ್ತಾರೆ: ಛತ್ರಿ ಹೋಯಿತು, ಚೀಲ ಹೋಯಿತು. ಅದನ್ನು ಕಂಪ್ಯೂಟರು ಓದಿ ಹೇಳುತ್ತದೆ. ಡಿಪೋದಲ್ಲಿ ಸಿಕ್ಕ ಸಾಮಾನುಗಳ ಪಟ್ಟಿಯನ್ನೂ ಓದುತ್ತದೆ. ಸಿಕ್ಕಿದ್ದರೆ ಬಂದು ತೆಗೆದುಕೊಳ್ಳಿ, ಇಲ್ಲದಿದ್ದರೆ ಇನ್ನೂ ಸಿಕ್ಕಿಲ್ಲ ಎಂದು ಫೋನಕ್ಕ ಉತ್ತರ ಟೈಪು ಮಾಡುತ್ತಾಳೆ. ದಿನಕ್ಕೆ ಅರವತ್ತು ಎಪ್ಪತ್ತು ಪತ್ರ. ದರ್ಜಿಯಮ್ಮ ಮಧ್ಯಾಹ್ನ ಕೆಲಸದ ಬುಟ್ಟಿ ಹಿಡಿದು ಅವಳ ಕೋಣೆಗೇ ಹೋಗಿ ಕೂರುವುದು ರೂಢಿಯಾಯಿತು. ಒಬ್ಬಳು ಕಾಜಾ ಹಾಕುವಳು, ಒಬ್ಬಳು ಛತ್ರಿ ಹುಡುಕುವಳು.

ಹೀಗೆ ಒಂದೂವರೆ ವರ್ಷ ಕಳೆಯಿತು. ಒಂದು ಸೋಮವಾರ ದರ್ಜಿಯಮ್ಮ ಒಳಗೆ ಬಂದಾಗ ಯಂತ್ರ ಸುಮ್ಮನಿತ್ತು, ಫೋನಕ್ಕ ಅಂಗೈಯಿಂದ ಮೇಜು ಸವರುತ್ತ ಕೂತಿದ್ದಳು.

"ಏನಾಯ್ತೇ?"

"ಬ್ರೌಸರ್ ಬದಲಾಯಿಸಬೇಕಂತೆ ಅಮ್ಮ."

"ಹಾಗಂದ್ರೆ?"

"ಇಂಟರ್ನೆಟ್ಟಿಗೆ ಹೋಗೋ ಬಾಗಿಲು ಅಂದುಕೊಳ್ಳಿ. ಅಂಥ ಬಾಗಿಲು ಐದಾರು ಇವೆ, ಒಬ್ಬೊಬ್ಬರು ಒಂದೊಂದು ಮಾಡಿದಾರೆ. ನಾನು ಮೊದಲಿಂದ ಒಂದರಲ್ಲೇ ಹೋಗ್ತಿದ್ದೆ. ಕಂಪನಿಯವರು ತಮ್ಮ ಪುಟಾನ ಹೊಸದಾಗಿ ಮಾಡಿದಾರೆ. ನನ್ನ ಹಳೇ ಬ್ರೌಸರಲ್ಲಿ ಅದು ತೆರೆದುಕೊಳ್ಳೋದೇ ಇಲ್ಲ."

"ಒಳಗಿರೋ ಮನೆ ಒಂದೇ ತಾನೆ? ಯಾವ ಬಾಗಿಲಾದ್ರೇನು?"

"ಹೊಸ್ತಿಲು ಎಲ್ಲಿದೆ ಅಂತ ಕಾಲಿಗೆ ಗೊತ್ತಿರಬೇಕಲ್ಲಮ್ಮ."

ದರ್ಜಿಯಮ್ಮನಿಗೆ ಆಗ ತಿಳಿಯಿತು. ಫೋನಕ್ಕ ಮೌಸ್ ಹಿಡಿದು ಕೆಲಸ ಮಾಡುವವಳಲ್ಲ. ಟ್ಯಾಬ್ ಎಂಬ ಒಂದು ಕೀ ಒತ್ತಿದರೆ ಪುಟದಲ್ಲಿ ಒಂದು ಹೆಜ್ಜೆ ಮುಂದೆ, ಇನ್ನೊಮ್ಮೆ ಒತ್ತಿದರೆ ಇನ್ನೊಂದು ಹೆಜ್ಜೆ. ಎಷ್ಟು ಹೆಜ್ಜೆಗೆ ಏನಿದೆ ಎಂಬುದೆಲ್ಲ ಅವಳ ಬೆರಳಿಗೆ ಗೊತ್ತಿತ್ತು.

ಡಿಪೋದ ಸಾಹೇಬರು ಒಂದು ವಾರದ ಗಡುವು ಕೊಟ್ಟಿದ್ದರು. ಒಳ್ಳೆಯವರೇ, ಮಾತು ಮೆತ್ತಗೆ. ಆ ಮೆತ್ತಗಿನ ಮಾತಿನಲ್ಲೇ ಹೇಳಿಬಿಟ್ಟಿದ್ದರು: ಶನಿವಾರದೊಳಗೆ ಹೊಸದು ಹಿಡಿತಕ್ಕೆ ಬಂದರೆ ಸಂತೋಷ, ಬರದಿದ್ದರೆ ಪತ್ರಗಳನ್ನು ಕಚೇರಿಯಲ್ಲೇ ನೋಡಿಕೊಳ್ಳುತ್ತೇವೆ, ನೀವು ಆರಾಮಾಗಿರಿ.

"ಆರಾಮಾಗಿರಿ ಅಂತ ಆಸ್ಪತ್ರೆಯವರೂ ಅಂದಿದ್ರು" ಎಂದಳು ಫೋನಕ್ಕ. "ನನಗೆ ಆರಾಮು ಎರಡನೇ ಸಲ ಬೇಡಮ್ಮ."

ಸಾಹೇಬರು ಎರಡು ಹೊಸ ಬ್ರೌಸರುಗಳನ್ನು ಹಾಕಿಸಿಕೊಟ್ಟಿದ್ದರು. ದರ್ಜಿಯಮ್ಮ ಮೂರನೇ ತರಗತಿಗೇ ಶಾಲೆ ಬಿಟ್ಟವಳು. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುವಳು, ಇಂಗ್ಲಿಷ್ ಸುತರಾಂ ಇಲ್ಲ. ಹಾಗಾಗಿ ಪರದೆಯ ಮೇಲಿನ ಚಿತ್ರ ನೋಡಿ ಅವಕ್ಕೆ ಹೆಸರಿಟ್ಟಳು: ಹಳೆಯದು ಅರ್ಧಚಂದ್ರ, ಹೊಸವು ಎಲೆ ಮತ್ತು ಗಾಳಿಪಟ. ಆ ಹೆಸರೇ ನಿಂತಿತು.

ಮೊದಲೆರಡು ದಿನ ಎಲೆ. ಕಂಪನಿಯವರೇ ಮೆಚ್ಚಿದ್ದು ಅದನ್ನು. ಆದರೆ ಎಲೆಯದೊಂದು ಕೆಟ್ಟ ಚಾಳಿ. ಪತ್ರ ಅರ್ಧ ಕೇಳುತ್ತಿರುವಾಗ ಹೊಸದೊಂದು ಪತ್ರ ಬಂದರೆ ದನಿ ತಟ್ಟನೆ ಪುಟದ ತಲೆಗೆ ಹಾರಿ, ಕಂಪನಿಯ ಹೆಸರಿನಿಂದ ಮತ್ತೆ ಶುರು ಮಾಡುತ್ತಿತ್ತು.

"ಯಾರೋ ಕಥೆ ಹೇಳ್ತಿರುವಾಗ ಪ್ರತಿ ಸಲ ಬಾಗಿಲು ತಟ್ಟಿದ ಕೂಡಲೆ 'ಒಂದಾನೊಂದು ಊರಲ್ಲಿ' ಅಂತ ಶುರು ಮಾಡಿದ ಹಾಗೆ" ಎಂದು ಫೋನಕ್ಕ ಗೊಣಗಿದಳು.

"ಹಾಗಾದ್ರೆ ಇನ್ನೊಂದನ್ನ ತೊಟ್ಟು ನೋಡು" ಎಂದಳು ದರ್ಜಿಯಮ್ಮ. "ತೋಳು ಹಿಡಿಯೋ ಅಂಗೀನ ಎಷ್ಟು ದಿನ ಹಾಕ್ಕೋತೀಯ? ಮೀನ ಮೇಷ ಎಣಿಸ್ತಾ ಕೂತ್ರೆ ಶನಿವಾರ ಬಂದುಬಿಡುತ್ತೆ."

ಗಾಳಿಪಟ ಹಾಗಲ್ಲ. ಇದ್ದಲ್ಲೇ ಇರುತ್ತಿತ್ತು. ದನಿ ಒಂದು ಗಳಿಗೆ ತಡವಾಗಿ ಬಾಯಿ ತೆರೆಯುತ್ತಿತ್ತು, ಅಷ್ಟೇ. ಕಿವಿಗೆ ಹೊಂದುವವರೆಗೆ ಇರಲಿ ಎಂದು ಫೋನಕ್ಕ ಓದುವ ವೇಗವನ್ನು ಇಳಿಸಿದಳು. ದರ್ಜಿಯಮ್ಮನಿಗೆ ಮೊದಲ ಬಾರಿ ಪ್ರತಿ ಪತ್ರವೂ ಸ್ಪಷ್ಟವಾಗಿ ಕೇಳಿಸಿತು. ಇಷ್ಟು ದಿನ ಪಕ್ಕದಲ್ಲೇ ಇಷ್ಟೊಂದು ಛತ್ರಿಗಳು ಕಳೆದುಹೋಗುತ್ತಿದ್ದವೇ ಎಂದು ಬೆರಗಾದಳು.

ತೊಡಕು ಇದ್ದದ್ದು ಬೇರೆ ಕಡೆ. ಹೊಸ ಪುಟದಲ್ಲಿ ಉತ್ತರ ಬರೆಯುವ ಚೌಕದ ಮುಂದೆ ನಾಲ್ಕು ಬಟನ್ ಇದ್ದವು. ಮೊದಲು ಅವಕ್ಕೆ ಹೆಸರಿತ್ತು: ಕಳುಹಿಸಿ, ಮುಚ್ಚಿ, ಹೀಗೆ. ಈಗ ಹೆಸರು ತೆಗೆದು ಬರೀ ಚಿತ್ರ ಹಾಕಿದ್ದರು. ದನಿ ಚಿತ್ರವನ್ನು ಹೇಗೆ ಓದೀತು? "ಬಟನ್. ಬಟನ್. ಬಟನ್. ಬಟನ್" ಎಂದಷ್ಟೇ ಹೇಳುತ್ತಿತ್ತು, ಎಲೆಯಲ್ಲೂ ಅಷ್ಟೇ, ಗಾಳಿಪಟದಲ್ಲೂ ಅಷ್ಟೇ.

"ಅಮ್ಮ, ಸ್ವಲ್ಪ ನೋಡಿ ಹೇಳಿ. ಏನೇನು ಚಿತ್ರ ಇದೆ?"

ದರ್ಜಿಯಮ್ಮ ಕನ್ನಡಕ ಏರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ಒಂದು ನಕ್ಷತ್ರ. ಒಂದು ಗಡಿಯಾರ. ಒಂದು ಬಾಣ. ಒಂದು ಮುಚ್ಚಳ ಹಾಕಿದ ಪೆಟ್ಟಿಗೆ."

"ಬಾಣವೇ ಇರಬೇಕು ಕಳುಹಿಸೋದು. ನಾನು ಬರೀತಿರೋ ಜಾಗದಿಂದ ಅದು ಎಷ್ಟನೇದು?"

ದರ್ಜಿಯಮ್ಮ ಬೆರಳಿಟ್ಟು ಎಣಿಸಿದಳು. "ನಾಲ್ಕು."

"ನಾಲ್ಕು" ಎಂದು ಫೋನಕ್ಕ ಬೆರಳಿಗೆ ಹೇಳಿಕೊಟ್ಟಳು. "ಸರಿ, ನೀವು ನಿಮ್ಮ ಕಾಜಾ ನೋಡಿಕೊಳ್ಳಿ."

ಮೂರು ದಿನ ಬರೀ ಕೇಳಿ ರೂಢಿ ಮಾಡಿಕೊಂಡು, ಗುರುವಾರ ಬೆಳಿಗ್ಗೆ ಮೊದಲ ಸಲ ಹದಿನಾಲ್ಕು ಪತ್ರಕ್ಕೆ ಉತ್ತರ ಬರೆದಳು. ಪ್ರತಿ ಸಲ ಟಕ್ ಟಕ್ ಟಕ್ ಟಕ್, ಆಮೇಲೆ ಒತ್ತುವುದು. ಪ್ರತಿ ಸಲ ದನಿ "ಆಯಿತು" ಎನ್ನುವುದು. ಹದಿನಾಲ್ಕನೆಯದಕ್ಕೆ ಫೋನಕ್ಕ ಬೆರಳ ಲಟಿಕೆ ಮುರಿದು, "ಬದಲಾಯಿಸಿದ್ದೇ ಒಳ್ಳೇದಾಯ್ತು" ಎಂದಳು.

ಹನ್ನೆರಡರ ಹೊತ್ತಿಗೆ ಸಾಹೇಬರ ಫೋನು ಬಂತು.

"ಅಕ್ಕಾವ್ರೇ, ಬೆಳಿಗ್ಗೆಯಿಂದ ಒಂದು ಉತ್ತರವೂ ಹೋಗಿಲ್ಲ. ಹದಿನಾಲ್ಕು ಪತ್ರ ಬಂದಿದ್ವು, ಹದಿನಾಲ್ಕನ್ನೂ ಉತ್ತರ ಕೊಡದೆ ಮುಚ್ಚಿದೀರಿ. ಒಬ್ಬರು ಆಗಲೇ ಫೋನ್ ಮಾಡಿ ಕೂಗಾಡಿದ್ರು. ಮುಚ್ಚಿದ್ದನ್ನ ಮತ್ತೆ ತೆಗೆಸೋಕೆ ಮೂರ್ನಾಲ್ಕು ದಿನ ಬೇಕು. ನೋಡಿ, ನಿಮ್ಮ ತಪ್ಪಲ್ಲ. ಎಲ್ಲರಿಗೂ ಎಲ್ಲಾ ಹೊಂದಲ್ಲ. ನೀವು ಆರಾಮಾಗಿ..."

"ಸಂಜೆಗೆ ನಾನೇ ಫೋನ್ ಮಾಡ್ತೀನಿ ಸರ್" ಎಂದು ಫೋನಕ್ಕ ಇಟ್ಟುಬಿಟ್ಟಳು. "ನಾಲ್ಕೇ ಒತ್ತಿದೆ ಅಮ್ಮ. ಐದು ಒತ್ತಿಲ್ಲ, ಮೂರು ಒತ್ತಿಲ್ಲ. ನನ್ನ ಬೆರಳು ತಪ್ಪಲ್ಲ. ಈ ಗಾಳಿಪಟವೇ ಸರಿ ಇಲ್ಲ. ಅರ್ಧಚಂದ್ರದಲ್ಲಿ ಒಂದು ದಿನ ಹೀಗಾಗಿರಲಿಲ್ಲ. ಮುದಿ ಕಿವಿಗೆ ಹೊಸದೆಲ್ಲ ಯಾಕೆ, ಬೇಡ ಅಂದುಬಿಡ್ತೀನಿ."

ದರ್ಜಿಯಮ್ಮ ಕೈಯಲ್ಲಿದ್ದ ಅಂಗಿಯನ್ನು ನೋಡುತ್ತ ಕೂತಿದ್ದಳು. ಸೂಜಿ ಬಟ್ಟೆಯಲ್ಲಿ ನಿಂತಿತ್ತು. ಕಾಜಾ ಹಾಕುವವರು ಸೂಜಿ ಇಳಿದ ಜಾಗವನ್ನೇ ಒಂದು ಎಂದು ಎಣಿಸುತ್ತಾರೆ. ಅದು ಬಿಟ್ಟು ಪಕ್ಕದ್ದು ಎರಡು. ಗಂಡ ಹೇಳಿಕೊಟ್ಟದ್ದು ಹಾಗೆ, ಐವತ್ತು ವರ್ಷ ಎಣಿಸಿದ್ದೂ ಹಾಗೆ. ಪರದೆಯ ಮುಂದೆ ಬಗ್ಗಿ ಬೆರಳಿಟ್ಟಾಗಲೂ ಬರೆಯುವ ಚೌಕವೇ ಒಂದು, ನಕ್ಷತ್ರ ಎರಡು, ಗಡಿಯಾರ ಮೂರು, ಬಾಣ ನಾಲ್ಕು. ಫೋನಕ್ಕನ ಬೆರಳಿಗೆ ಚೌಕ ಲೆಕ್ಕಕ್ಕಿಲ್ಲ. ಅವಳು ನಾಲ್ಕು ಹೆಜ್ಜೆ ಇಟ್ಟರೆ ಬಾಣ ದಾಟಿ ಪೆಟ್ಟಿಗೆಗೆ ಹೋಗಿ ನಿಲ್ಲುತ್ತಾಳೆ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಪ್ಪೆಲ್ಲ ಗಾಳಿಪಟದ ಮೇಲೆ ಹೋಗುತ್ತಿತ್ತು. ಒಂದು ಕ್ಷಣ ಹಾಗನ್ನಿಸಿದ್ದೂ ಉಂಟು.

"ಗಾಳಿಪಟಕ್ಕೆ ಬೈಬೇಡ ಕಣೇ" ಎಂದಳು. "ಎಣಿಸಿದವಳು ನಾನು." ಫೋನಕ್ಕನ ಕೈ ಹಿಡಿದು ಬಟ್ಟೆಯ ಮೇಲಿಟ್ಟು, ಸೂಜಿಯ ತಲೆ ಮುಟ್ಟಿಸಿ, ಅಲ್ಲಿಂದ ಒಂದೊಂದೇ ಹೊಲಿಗೆ ಮುಟ್ಟಿಸುತ್ತ ಎಣಿಸಿ ತೋರಿಸಿದಳು.

ಫೋನಕ್ಕ ಸೂಜಿಯಿಂದ ಶುರು ಮಾಡಿ ತಾನೇ ಇನ್ನೊಮ್ಮೆ ಹೊಲಿಗೆ ಮುಟ್ಟಿ ಎಣಿಸಿದಳು.

"ನಿಂತ ಜಾಗಾನ ಯಾರಾದ್ರೂ ಎಣಿಸ್ತಾರಾ ಅಮ್ಮ?" ಎಂದಳು ಕೊನೆಗೆ.

"ನಿಂತ ಜಾಗಾನ ಬಿಟ್ಟು ಯಾರಾದ್ರೂ ಎಣಿಸ್ತಾರಾ?" ಎಂದಳು ದರ್ಜಿಯಮ್ಮ, ಅಳುತ್ತಲೇ.

"ಅಳ್ಬೇಡಿ, ಕೇಳಿಸ್ತಿದೆ. ಆ ಹದಿನಾಲ್ಕು ಜನಕ್ಕೆ ಮೊದಲು ಏನಾದ್ರೂ ಮಾಡೋಣ."

ಮುಚ್ಚಿದ ಪತ್ರ ಪುಟದಿಂದ ಮಾಯವಾಗಿತ್ತು. ಆದರೆ ಪ್ರತಿ ಪತ್ರದ ಕೊನೆಯಲ್ಲೂ ಬರೆದವರ ಫೋನ್ ನಂಬರ್ ಇತ್ತಲ್ಲ? ನಂಬರು ಒಮ್ಮೆ ಕಿವಿಗೆ ಬಿದ್ದರೆ ಫೋನಕ್ಕನಿಗೆ ಅಂಟಿಕೊಂಡ ಹಾಗೆ. ಹದಿನಾಲ್ಕನ್ನೂ ಬಂದ ಕ್ರಮದಲ್ಲೇ ಗಡಗಡ ಹೇಳಿದಳು.

"ಆದ್ರೆ ಯಾರದು ಏನು ಕಳೆದಿತ್ತು ಅಂತ ಕೇಳಬೇಡಿ. ಇಪ್ಪತ್ತೆರಡು ವರ್ಷ ಯಾರು ಯಾಕೆ ಮಾತಾಡ್ತಾರೆ ಅಂತ ವಿಚಾರಿಸದೆ ಫೋನ್ ಜೋಡಿಸಿದವಳು ನಾನು."

"ಅದು ನನಗೆ ಬಿಡು" ಎಂದು ದರ್ಜಿಯಮ್ಮ ಕಣ್ಣೊರೆಸಿಕೊಂಡಳು. ಅವಳಿಗೆ ನಂಬರು ಒಂದೂ ನಿಲ್ಲದು, ಸಾಮಾನು ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು. "ಮೊದಲನೇದು ಬಾತುಕೋಳಿ ತಲೆ ಹಿಡಿಕೆಯ ಛತ್ರಿ. ಎರಡನೇದು ಮಗುವಿನ ಎಡಗಾಲಿನ ಬೂಟು, ಕೆಂಪು. ಮೂರನೇದು ಅರ್ಧ ಹೆಣೆದ ಸ್ವೆಟರು, ಕಡ್ಡಿ ಸಮೇತ, ಪಾಪ ತೋಳು ಇನ್ನೂ ಆಗಿರಲಿಲ್ಲ. ನಾಲ್ಕನೇದು ಎಕ್ಸ್‌ರೇ..."

"ನಿಂತ ಜಾಗ ಸೇರಿಸಿ ನಾಲ್ಕೋ, ಬಿಟ್ಟು ನಾಲ್ಕೋ?"

"ಸುಮ್ನೆ ಫೋನ್ ಹಚ್ಚು!"

ದರ್ಜಿಯಮ್ಮ ಸಾಮಾನು ಹೇಳುವುದು, ಫೋನಕ್ಕ ಸಿಕ್ಕ ಸಾಮಾನುಗಳ ಪಟ್ಟಿಯಲ್ಲಿ ಅದನ್ನು ಹುಡುಕುವುದು, ಆಮೇಲೆ ಫೋನು. ಆಸ್ಪತ್ರೆಯ ಬೋರ್ಡಿನ ಮುಂದೆ ಅವಳ ದನಿ ಹೇಗಿತ್ತೆಂದು ದರ್ಜಿಯಮ್ಮ ಆವತ್ತು ಕೇಳಿದಳು. ತಣ್ಣಗೆ, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಕೂಗಾಡಿದ್ದವರು ಕಿವಿಗೆ ಇಡುವ ಯಂತ್ರ ಕಳೆದುಕೊಂಡ ಮುದುಕರು. ಅದು ಸಿಕ್ಕಿತ್ತು. ಅವರಿಗೆ ಕೇಳಿಸುವ ಹೊತ್ತಿಗೆ ಬೀದಿಗೆಲ್ಲ ಕೇಳಿಸಿ, ಕೆಳಮನೆ ಯಜಮಾನಿ ಏನಾಯಿತೆಂದು ಮೇಲೆ ಬಂದಳು. ಒಂಬತ್ತನೆಯವರು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ, ಐದು ಗಂಟೆಯ ಮೇಲೆ ಸಿಕ್ಕರು. ಬೂಟಿನವರಿಗೆ ಮಾತ್ರ ಇಲ್ಲವೆನ್ನಬೇಕಾಯಿತು. "ಇನ್ನೊಂದು ಬೂಟನ್ನ ಎಸೀಬೇಡಿ" ಎಂದಳು ಫೋನಕ್ಕ.

ಆಮೇಲೆ ಸಾಹೇಬರಿಗೆ ಮಾಡಿದಳು. ತಪ್ಪು ಹೇಗಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿದಳು, ಹದಿನಾಲ್ಕು ಜನಕ್ಕೂ ಉತ್ತರ ಹೋಗಿದೆ ಎಂದಳು.

"ಸಂತೋಷ. ಆದ್ರೆ ಅಕ್ಕಾವ್ರೇ, ನಾಳೆ ಮತ್ತೆ ಹೀಗಾದ್ರೆ? ಹೊಸ ಬ್ರೌಸರು ನಿಮಗೆ..."

"ಬ್ರೌಸರ್ ಚೆನ್ನಾಗಿದೆ ಸರ್. ನಿಮ್ಮ ಬಟನ್‌ಗಳಿಗೆ ಹೆಸರಿಲ್ಲ. ಹೆಸರು ಹಾಕಿಸಿ."

"ಚಿತ್ರ ಇದೆಯಲ್ಲ?"

"ಚಿತ್ರ ಯಾರಿಗೆ ಸರ್?"

"ಪುಟ ಮಾಡಿದವರಿಗೆ ಹೇಳ್ತೀನಿ" ಎಂದರು ಸಾಹೇಬರು. "ಶನಿವಾರ ಬೆಳಿಗ್ಗೆ ಇಪ್ಪತ್ತು ಪತ್ರ ಕಳಿಸ್ತೀನಿ. ಹನ್ನೊಂದು ಗಂಟೆಯೊಳಗೆ ಇಪ್ಪತ್ತಕ್ಕೂ ಸರಿಯಾಗಿ ಉತ್ತರ ಹೋದ್ರೆ ಈ ವಿಷಯ ನಾನು ಮತ್ತೆ ಎತ್ತಲ್ಲ."

ಶುಕ್ರವಾರ ಸಂಜೆಗೆ ಬಟನ್‌ಗಳು ಬಾಯಿಬಿಟ್ಟವು. ಗುರುತು ಹಾಕಿ, ನಂತರ ನೋಡಿ, ಕಳುಹಿಸಿ, ಮುಚ್ಚಿ. ಫೋನಕ್ಕ ಹತ್ತು ಸಲ ಹಿಂದೆ ಮುಂದೆ ಹೋಗಿ ಕೇಳಿದಳು. ಎಲೆಯಲ್ಲೂ ಒಮ್ಮೆ ಹೋಗಿ ನೋಡಿದಳು, ಅದು ಮತ್ತೆ ತಲೆಗೆ ಹಾರಿತು. "ಗಾಳಿಪಟವೇ ಇರಲಿ" ಎಂದಳು. ಅರ್ಧಚಂದ್ರವನ್ನು ತೆಗೆದುಹಾಕಿದಳು.

ಆ ಕೆಲಸವನ್ನು ಅವಳು ಮುಂದೆ ಆರು ವರ್ಷ ಮಾಡಿದಳು, ಮೊಣಕಾಲು ನೋವು ಹೆಚ್ಚಾಗಿ ತಂಗಿಯ ಮನೆಗೆ ಹೋಗುವವರೆಗೂ. ದರ್ಜಿಯಮ್ಮ ಮಧ್ಯಾಹ್ನ ಬುಟ್ಟಿ ಹಿಡಿದು ಹೋಗುವುದು ನಿಲ್ಲಲಿಲ್ಲ. ಚಹಾ ಕುಡಿದರು, ಯಜಮಾನಿಯನ್ನು ಆಡಿಕೊಂಡರು. ಆದರೆ ನೋಡಿ ಹೇಳಿ, ಎಣಿಸಿ ಹೇಳಿ ಎಂದು ಫೋನಕ್ಕ ಮತ್ತೆ ಯಾವತ್ತೂ ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ.

ಅವಳು ಕೊನೆಯದಾಗಿ ಕೇಳಿಕೊಂಡದ್ದು ಬೇರೆಯೇ, ಆ ಇಪ್ಪತ್ತು ಪತ್ರದ ಶನಿವಾರ ಬೆಳಿಗ್ಗೆ. ಒಂಬತ್ತೂವರೆಗೇ ದರ್ಜಿಯಮ್ಮ ಕನ್ನಡಕ ಒರೆಸಿಕೊಂಡು ಬಂದು ಪಕ್ಕದ ಕುರ್ಚಿ ಎಳೆದು ಕೂತಿದ್ದಳು. ಆವತ್ತು ಸೂಜಿಯನ್ನೂ ತಂದಿರಲಿಲ್ಲ. ಫೋನಕ್ಕ ಕೀಗಳ ಮೇಲೆ ಬೆರಳಿಟ್ಟವಳು ತೆಗೆದಳು, ತಡಕಾಡಿ ಅವಳ ಮೊಣಕೈ ಹಿಡಿದಳು.

"ಬೇಜಾರು ಮಾಡ್ಕೋಬೇಡಿ ಅಮ್ಮ. ಇವತ್ತು ನೀವು ನಿಮ್ಮ ಕೋಣೇಲಿರಿ. ತಪ್ಪಾದ್ರೆ ಅದು ನನ್ನದೇ ಆಗಿರಲಿ."